ಅದು ಚರ್ಚಿನ ಪದಕವಲ್ಲ, ದೊರೆ-ಬಿಷಪ್ಪರ ನಾಣ್ಯ

ಸಂಪಾದಕರಿಗೆ,

ಮಾನ್ಯರೆ,

ಕಲಬುರಗಿಯ ಕಾಲೇಜೊಂದರಲ್ಲಿ ನಡೆಯುತ್ತಿರುವ ಹಳೆಯ ನಾಣ್ಯಗಳ ಪ್ರದರ್ಶನದ ಬಗ್ಗೆ ತಮ್ಮ ಪತ್ರಿಕೆಯ ಕಳೆದ ಭಾನುವಾರದ ಸಂಚಿಕೆಯಲ್ಲಿ ಬಂದ ಚಿತ್ರಸಹಿತ ವರದಿಯನ್ನು ಓದಿ ಸಂತೋಷವಾಯಿತು. ಬಹಮನಿ ಸುಲ್ತಾನರ ಬೆಳ್ಳಿ ಟಂಕಗಳಿಂದ ಹಿಡಿದು ನಿಜಾಮರ ಹಾಲಿ ಸಿಕ್ಕಾದವರೆಗೆ ಒಂದೇ ಸೂರಿನಡಿ ನೋಡುವ ಅವಕಾಶ ನಮ್ಮ ಊರಿನ ಮಕ್ಕಳಿಗೆ ಸಿಕ್ಕಿರುವುದು ದೊಡ್ಡ ಮಾತು. ಆದರೆ ವರದಿಯ ಜೊತೆಗೆ ಅಚ್ಚಾದ ಮೂರನೆಯ ಚಿತ್ರದ ಕೆಳಗೆ ‘ಜರ್ಮನಿಯ ಚರ್ಚಿನ ಬೆಳ್ಳಿ ಪದಕ’ ಎಂದು ಬರೆಯಲಾಗಿದೆ. ಅಚ್ಚಿನ ತಪ್ಪಿರಬಹುದೆಂದು ಮರುದಿನ ನಾನೇ ಹೋಗಿ ನೋಡಿದೆ; ಗಾಜಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲೂ ಅದೇ ಬರಹವಿತ್ತು. ಆ ಬೆಳ್ಳಿಯ ಬಿಲ್ಲೆ ಪದಕವಲ್ಲ. ಒಂದು ಕಾಲದಲ್ಲಿ ಸಂತೆಯಲ್ಲಿ ದನ ಕೊಂಡ, ಸೈನಿಕರಿಗೆ ಸಂಬಳ ಕೊಟ್ಟ, ಸಾಲ ತೀರಿಸಿದ ಹಣ ಅದು. ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದನ್ನು ವಿವರಿಸಲು ಸ್ವಲ್ಪ ಹೆಚ್ಚು ಜಾಗ ಬೇಡುತ್ತಿದ್ದೇನೆ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನ್ಯೂರೆಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಬಂದಾಗ, ಇತಿಹಾಸ ಕಲಿಸಿದ ಮಾಸ್ತರರಿಗೆಂದು ಇದೇ ಬಗೆಯ ಒಂದು ಬೆಳ್ಳಿ ನಾಣ್ಯವನ್ನು ತಂದುಕೊಟ್ಟ. ಆಗಿನಿಂದ ಅದು ನನ್ನ ಮೇಜಿನ ಮೇಲೇ ಇದೆ, ನೂರಾರು ಸಲ ಬೂದುಗಾಜು ಹಿಡಿದು ನೋಡಿದ್ದೇನೆ. ಅಗಲ ನಾಲ್ಕು ಸೆಂಟಿಮೀಟರಿನಷ್ಟು. ಒಂದು ಬದಿಯಲ್ಲಿ ಕೃತಕ ಕೂದಲಿನ ಟೋಪ ಧರಿಸಿದ, ಗಲ್ಲ ತುಂಬಿಕೊಂಡ ಗಂಡಸಿನ ಮುಖ, ಅವರ ಎದೆಯ ಮೇಲೆ ಒಂದು ಶಿಲುಬೆ. ಇನ್ನೊಂದು ಬದಿಯಲ್ಲಿ ಕಿರೀಟವಿಟ್ಟ ಲಾಂಛನ. ಅದರ ಹಿಂದಿನಿಂದ ಎರಡು ವಸ್ತುಗಳು ಓರೆಯಾಗಿ ಹೊರಗೆ ಇಣುಕುತ್ತವೆ. ಒಂದು ತುದಿ ಸುರುಳಿ ಸುತ್ತಿದ ಕುರುಬನ ಕೋಲು, ಅದು ಬಿಷಪ್ಪರ ಗುರುತು. ಇನ್ನೊಂದು ಕತ್ತಿ. ಪ್ರದರ್ಶನದವರು ಶಿಲುಬೆಯನ್ನೂ ಕೋಲನ್ನೂ ನೋಡಿ ಚರ್ಚಿನದ್ದೆಂದು ತೀರ್ಮಾನಿಸಿದ್ದಾರೆ. ಆ ಕತ್ತಿಯ ಕಡೆಗೂ ಅವರ ಗಮನ ಹರಿದಿದ್ದರೆ ಚೀಟಿಯ ಬರಹವೇ ಬೇರೆಯಾಗುತ್ತಿತ್ತು.

ಮುಖದ ಸುತ್ತ ಲ್ಯಾಟಿನ್ ಅಕ್ಷರಗಳಿವೆ, ಎಲ್ಲವೂ ಮೊಟಕು ಮಾಡಿದವು. ಬಿಡಿಸಿ ಓದಿದರೆ ಹೀಗಾಗುತ್ತದೆ: ‘ಆಡಂ ಫ್ರೀಡ್ರಿಕ್, ದೇವರ ಕೃಪೆಯಿಂದ ಬಾಂಬರ್ಗ್ ಮತ್ತು ವುರ್ಟ್ಸ್‌ಬುರ್ಗ್‌ಗಳ ಬಿಷಪ್, ಪವಿತ್ರ ರೋಮನ್ ಸಾಮ್ರಾಜ್ಯದ ಸಾಮಂತ ದೊರೆ, ಪೂರ್ವ ಫ್ರಾಂಕೋನಿಯದ ಡ್ಯೂಕ್.’ ಪವಿತ್ರ ರೋಮನ್ ಸಾಮ್ರಾಜ್ಯವೆಂದರೆ ಆಗಿನ ಜರ್ಮನ್ ಸಂಸ್ಥಾನಗಳು ಒಬ್ಬ ಚಕ್ರವರ್ತಿಯಡಿ ಸೇರಿದ್ದ ಒಕ್ಕೂಟ. ಈ ಬಿಷಪ್ಪರು ಝೈನ್ಸ್‌ಹೈಮ್ ಮನೆತನದ ಆಡಂ ಫ್ರೀಡ್ರಿಕ್. 1755ರಿಂದ ವುರ್ಟ್ಸ್‌ಬುರ್ಗ್‌ಗೂ 1757ರಿಂದ ಬಾಂಬರ್ಗ್‌ಗೂ ಬಿಷಪ್ಪರಾಗಿ, 1779ರಲ್ಲಿ ಸಾಯುವವರೆಗೆ ಎರಡನ್ನೂ ಆಳಿದವರು. ನನ್ನ ನಾಣ್ಯ 1760ರ ದಶಕದ್ದು. ‘ಆಳಿದವರು’ ಎಂಬ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ತೆರಿಗೆ, ನ್ಯಾಯಾಲಯ, ಸೈನ್ಯ, ಸುಂಕದ ಕಟ್ಟೆ, ಟಂಕಸಾಲೆ ಎಲ್ಲವೂ ಅವರ ಕೈಯಲ್ಲಿದ್ದವು. ಇಂಗ್ಲಿಷಿನಲ್ಲಿ ಇಂಥವರನ್ನು ಪ್ರಿನ್ಸ್-ಬಿಷಪ್ ಎನ್ನುತ್ತಾರೆ. ಕನ್ನಡದಲ್ಲಿ ದೊರೆ-ಬಿಷಪ್ ಎನ್ನಬಹುದು.

ಇದು ಹಣವೆಂಬುದಕ್ಕೆ ಸಾಕ್ಷಿ ಆ ನಾಣ್ಯದ ಮೇಲೆಯೇ ಇದೆ. ಲಾಂಛನದ ಬದಿಯಲ್ಲಿ ರೋಮನ್ ಅಂಕಿಯ ಹತ್ತು, ಅದರ ಮುಂದೆ ಜರ್ಮನ್ ಭಾಷೆಯಲ್ಲಿ ‘ಐನೆ ಫೈನೆ ಮಾರ್ಕ್’ ಎಂದಿದೆ. ಇಂಥ ಹತ್ತು ನಾಣ್ಯ ಸೇರಿದರೆ ಒಂದು ಮಾರ್ಕ್ ತೂಕದ ಅಪ್ಪಟ ಬೆಳ್ಳಿ ಎಂದು ಅದರ ಅರ್ಥ. ಇಲ್ಲಿ ಮಾರ್ಕ್ ಎಂದರೆ ಕಲೋನ್ ನಗರದ ತೂಕದ ಕಲ್ಲು, ನಮ್ಮ ಲೆಕ್ಕದಲ್ಲಿ ಸುಮಾರು 233.86 ಗ್ರಾಂ. 1753ರಲ್ಲಿ ಆಸ್ಟ್ರಿಯ ಮತ್ತು ಬವೇರಿಯ ಸಂಸ್ಥಾನಗಳು ಒಪ್ಪಂದ ಮಾಡಿಕೊಂಡು ಈ ಮಟ್ಟವನ್ನು ಗೊತ್ತುಪಡಿಸಿದವು, ದಕ್ಷಿಣ ಜರ್ಮನಿಯ ಬಿಷಪ್ಪರೂ ಅದನ್ನೇ ಅನುಸರಿಸಿದರು. ಅದಕ್ಕೇ ಈ ನಾಣ್ಯಕ್ಕೆ ಕನ್ವೆನ್ಷನ್ ಥಾಲರ್, ಅಂದರೆ ಒಪ್ಪಂದದ ಥಾಲರ್, ಎಂಬ ಹೆಸರು; ಥಾಲರ್ ಎಂದರೆ ಜರ್ಮನ್ ನಾಡುಗಳ ದೊಡ್ಡ ಬೆಳ್ಳಿ ನಾಣ್ಯ. ಲೆಕ್ಕ ಮಾಡಿದರೆ ಒಂದೊಂದರಲ್ಲಿ 23.39 ಗ್ರಾಂ ಶುದ್ಧ ಬೆಳ್ಳಿ ಇರಬೇಕು. ಆರು ಪಾಲಿನಲ್ಲಿ ಐದು ಪಾಲು ಬೆಳ್ಳಿಯಾದ್ದರಿಂದ ಒಟ್ಟು ತೂಕ 28.06 ಗ್ರಾಂ ಆಗಬೇಕು.

ಪುಸ್ತಕದ ಲೆಕ್ಕವನ್ನು ನಂಬಿ ಸುಮ್ಮನಿರಲು ಮನಸ್ಸಾಗದೆ ನಾಣ್ಯವನ್ನು ಸರಾಫ್ ಬಜಾರಿಗೆ ಒಯ್ದೆ. ನಮ್ಮ ಮನೆಯವರಿಗೆ ಮೂರು ತಲೆಮಾರಿನಿಂದ ಪರಿಚಯವಿರುವ ಸರಾಫರು ತಕ್ಕಡಿಯಲ್ಲಿಟ್ಟರು. 27.8 ಗ್ರಾಂ ತೋರಿಸಿತು. ಇನ್ನೂರೈವತ್ತು ವರ್ಷ ಸವೆದದ್ದಕ್ಕೆ ಕಾಲು ಗ್ರಾಂ ಕಡಿಮೆ. ಆಮೇಲೆ ಅಂಚನ್ನು ಒರೆಗಲ್ಲಿಗೆ ಒಂದೇ ಒಂದು ಸಲ ತಿಕ್ಕಿ, ತೇಜಾಬಿನ ಹನಿ ಹಾಕಿ, ಬಣ್ಣ ತಿರುಗುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. “ನೂರಕ್ಕ ಎಂಬತ್ತು–ಎಂಬತ್ತೈದು ಬೆಳ್ಳಿ ಅದರಿ ಸರ್, ಉಳಿದದ್ದು ತಾಮ್ರ. ಯಾರೋ ಲೆಕ್ಕ ಇಟ್ಟೇ ಹಾಕ್ಯಾರ” ಎಂದರು. ಜರ್ಮನ್ ಅಕ್ಷರ ಒಂದೂ ಬಾರದ ಆ ಹಿರಿಯರು ವುರ್ಟ್ಸ್‌ಬುರ್ಗ್‌ನ ಟಂಕಸಾಲೆಯವರ ವಾಗ್ದಾನವನ್ನು ಕಲ್ಲಿನ ಮೇಲಿನ ಗೆರೆಯಲ್ಲೇ ಓದಿಬಿಟ್ಟಿದ್ದರು. ಪದಕ ಮಾಡುವವರು ಇಂಥ ವಾಗ್ದಾನ ಬರೆಯುವುದಿಲ್ಲ. ಪ್ರತಿ ನಾಣ್ಯಕ್ಕೂ ಎಷ್ಟು ಬೆಳ್ಳಿ ಎಂಬ ಜವಾಬು ಕೊಡಬೇಕಾದವನು ಹಣ ಅಚ್ಚು ಹಾಕುವವನೇ.

ಈ ಸಂಗತಿ ನಮ್ಮ ಭಾಗದ ಹಿರಿಯರಿಗೆ ವಿವರಿಸದೆಯೇ ಅರ್ಥವಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಹಳೆಯ ಮನೆಗಳಲ್ಲಿ ‘ಹಾಲಿ’ ಮತ್ತು ‘ಕಲದಾರ್’ ಎಂಬ ಎರಡು ರೂಪಾಯಿಗಳ ಮಾತು ಈಗಲೂ ಕೇಳಿಬರುತ್ತದೆ. ನಿಜಾಮರ ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ. 1940ಕ್ಕೆ ಮುಂಚಿನ ಬ್ರಿಟಿಷ್ ಕಲದಾರಿನ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಏಳು ಹಾಲಿಗೆ ಆರು ಕಲದಾರ್ ಎಂಬ ವಿನಿಮಯದ ದರ ಎಲ್ಲಿಂದ ಬಂತೆಂದು ಗುಣಿಸಿ ನೋಡಿದರೆ, ಏಳು ಹಾಲಿಯಲ್ಲೂ ಆರು ಕಲದಾರಿನಲ್ಲೂ 64 ಗ್ರಾಂ ಆಸುಪಾಸಿನ ಬೆಳ್ಳಿಯೇ ಸಿಗುತ್ತದೆ. ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಎರಡೂ ನಾಣ್ಯಗಳನ್ನು ಕಣ್ಣು ಮುಚ್ಚಿ ಅಂಗೈಯಲ್ಲಿ ತೂಗಿ ಇದು ಹಾಲಿ, ಇದು ಕಲದಾರ್ ಎಂದು ಹೇಳುತ್ತಿದ್ದರು. ಅದೇ ಲೆಕ್ಕ ಹಾಕಿದರೆ ಬಿಷಪ್ ಆಡಂ ಫ್ರೀಡ್ರಿಕ್ ಅವರ ಒಂದು ಥಾಲರಿನ ಬೆಳ್ಳಿ ಸುಮಾರು ಎರಡೂವರೆ ಹಾಲಿ ರೂಪಾಯಿಗೆ ಸಮ. ಜರ್ಮನಿಯಲ್ಲಿ ಆಗ ನೂರಾರು ಸಂಸ್ಥಾನಗಳಿದ್ದವು, ಅನೇಕರಿಗೆ ತಮ್ಮದೇ ನಾಣ್ಯವಿತ್ತು. ಒಂದು ಊರಿನ ಹಣ ಇನ್ನೊಂದು ಊರಿನಲ್ಲಿ ನಡೆಯಬೇಕಾದರೆ ಬಟ್ಟಾ (ವಿನಿಮಯದ ಕಡಿತ) ಎಷ್ಟು ಹಿಡಿಯಬೇಕೆಂದು ಅಲ್ಲಿನ ಸರಾಫರೂ ಇದೇ ರೀತಿ ಗುಣಿಸುತ್ತಿದ್ದರು. ನಾಣ್ಯದ ಮೇಲೆ ‘ಹತ್ತಕ್ಕೆ ಒಂದು ಮಾರ್ಕ್’ ಎಂದು ಬರೆದದ್ದು ಆ ಸರಾಫರನ್ನು ಒಪ್ಪಿಸುವುದಕ್ಕೆ.

ಬಿಷಪ್ಪರಿಗೆ ನಾಣ್ಯ ಅಚ್ಚು ಹಾಕುವ ಅಧಿಕಾರ ಎಲ್ಲಿಂದ ಬಂತೆಂಬ ಪ್ರಶ್ನೆ ಸಹಜ. ಹತ್ತನೆಯ ಶತಮಾನದಿಂದಲೇ ಜರ್ಮನ್ ದೊರೆಗಳು ಬಿಷಪ್ಪರಿಗೆ ಸಂತೆ, ಸುಂಕ ಮತ್ತು ಟಂಕಸಾಲೆಯ ಹಕ್ಕುಗಳನ್ನು ಬಿಟ್ಟುಕೊಡುತ್ತ ಬಂದರು. ಬಿಷಪ್ಪರಿಗೆ ಹೆಂಡತಿ ಮಕ್ಕಳಿರುವುದಿಲ್ಲ, ಕೊಟ್ಟ ಅಧಿಕಾರ ವಂಶಪಾರಂಪರ್ಯವಾಗುವುದಿಲ್ಲ, ಸತ್ತ ಮೇಲೆ ಹೊಸಬರ ನೇಮಕದಲ್ಲಿ ತಮ್ಮ ಮಾತು ನಡೆಯುತ್ತದೆ ಎಂಬುದು ದೊರೆಗಳ ಲೆಕ್ಕಾಚಾರ. 1168ರಲ್ಲಿ ಫ್ರೆಡ್ರಿಕ್ ಬಾರ್ಬರೋಸ ಚಕ್ರವರ್ತಿ ವುರ್ಟ್ಸ್‌ಬುರ್ಗ್‌ನ ಬಿಷಪ್ಪರ ಡ್ಯೂಕ್ ಪದವಿಯ ಹಕ್ಕುಗಳನ್ನು ಖಾತ್ರಿಪಡಿಸಿದ. ಲಾಂಛನದ ಹಿಂದಿನ ಕತ್ತಿ ಆ ಡ್ಯೂಕ್ ಪದವಿಯದು. 1220ರಲ್ಲಿ ಎರಡನೆಯ ಫ್ರೆಡ್ರಿಕ್, ಬಿಷಪ್ಪರ ನಾಡಿನೊಳಗೆ ಅವರ ಒಪ್ಪಿಗೆಯಿಲ್ಲದೆ ತಾನು ಹೊಸ ಟಂಕಸಾಲೆಯನ್ನಾಗಲಿ ಸುಂಕದ ಕಟ್ಟೆಯನ್ನಾಗಲಿ ತೆರೆಯುವುದಿಲ್ಲವೆಂದು ಬರೆದುಕೊಟ್ಟ. ಹೀಗೆ ಬಂದ ಹಕ್ಕು ಸುಮಾರು ಆರುನೂರು ವರ್ಷ ಉಳಿಯಿತು.

ಇದನ್ನು ನಮ್ಮ ನೆಲದ ಮಾತಿನಲ್ಲಿ ಹೇಳುವುದು ಇನ್ನೂ ಸುಲಭ. 1347ರಲ್ಲಿ ದೆಹಲಿಯಿಂದ ಬೇರೆಯಾದ ಅಲಾವುದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯಲ್ಲಿ ಪಟ್ಟಕ್ಕೆ ಬಂದು, ತನ್ನ ಹೆಸರಿನಲ್ಲಿ ಖುತ್ಬಾ (ಮಸೀದಿಯ ಶುಕ್ರವಾರದ ಪ್ರವಚನ) ಓದಿಸಿ ಸಿಕ್ಕಾ, ಅಂದರೆ ನಾಣ್ಯ, ಹೊಡೆಸಿದ. ಈ ಎರಡೂ ಇದ್ದವನೇ ಸುಲ್ತಾನ, ಇಲ್ಲದವನು ಬರೀ ಸುಬೇದಾರ. ನಮ್ಮ ಊರು ಆ ನಾಣ್ಯಗಳ ಮೇಲೆ ಅಹಸನಾಬಾದ್ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಹೈದರಾಬಾದಿನ ನಿಜಾಮರದು ಇದಕ್ಕಿಂತ ತೊಡಕಿನ ಸ್ಥಿತಿ: ಆಳ್ವಿಕೆ ತಮ್ಮದೇ ಆಗಿದ್ದರೂ 1857ರ ದಂಗೆಯವರೆಗೆ ಅವರ ನಾಣ್ಯಗಳ ಮೇಲೆ ಮೊಗಲ್ ಬಾದಷಹನ ಹೆಸರೇ ಇರುತ್ತಿತ್ತು. ದೊರೆ-ಬಿಷಪ್ಪರೂ ಹಾಗೆಯೇ. ಹದಿನಾರು ಮತ್ತು ಹದಿನೇಳನೆಯ ಶತಮಾನದ ಅನೇಕ ಬಿಷಪ್ ಥಾಲರ್‌ಗಳ ಒಂದು ಬದಿಯಲ್ಲಿ ಬಿಷಪ್ಪರ ಲಾಂಛನವಿದ್ದರೆ ಇನ್ನೊಂದು ಬದಿಯಲ್ಲಿ ಚಕ್ರವರ್ತಿಯ ಎರಡು ತಲೆಯ ಹದ್ದೂ ಅವನ ಬಿರುದೂ ಇವೆ. ಹಾಲಿ ಸಿಕ್ಕಾದ ಪಕ್ಕದ ಪೆಟ್ಟಿಗೆಯಲ್ಲಿಯೇ ಬಿಷಪ್ಪರ ಥಾಲರ್ ಇಟ್ಟಿರುವ ನಮ್ಮ ಪ್ರದರ್ಶನದಲ್ಲಿ ಈ ಹೋಲಿಕೆ ಕಣ್ಣೆದುರೇ ಇದೆ. ಚೀಟಿಯ ‘ಪದಕ’ ಎಂಬ ಒಂದು ಪದ ಅದನ್ನು ಮುಚ್ಚಿಬಿಟ್ಟಿದೆ.

ಪ್ರದರ್ಶನದಲ್ಲಿದ್ದ ಉಪನ್ಯಾಸಕರೊಬ್ಬರ ಬಳಿ ಈ ವಿಷಯ ಎತ್ತಿದಾಗ ಅವರು ಸೌಜನ್ಯದಿಂದಲೇ, “ಶಿಲುಬೆ ಇದೆಯಲ್ಲ ಸರ್, ಧಾರ್ಮಿಕ ವಸ್ತುವೇ ಇರಬೇಕು” ಎಂದರು. ಶಿಲುಬೆ ಇದ್ದ ಮಾತ್ರಕ್ಕೆ ಹಣ ಧಾರ್ಮಿಕ ವಸ್ತುವಾಗುವುದಾದರೆ, ಉಮಾಮಹೇಶ್ವರರನ್ನು ಕೂರಿಸಿದ ವಿಜಯನಗರದ ಹೊನ್ನನ್ನು ಏನೆಂದು ಕರೆಯಬೇಕು? ನಾವು ವರಾಹ ಎಂದು ಕರೆಯುವ ನಾಣ್ಯದ ಹೆಸರೇ ವಿಷ್ಣುವಿನ ಅವತಾರದ್ದು. ಈಸ್ಟ್ ಇಂಡಿಯಾ ಕಂಪನಿ ಕೂಡ ಮದ್ರಾಸಿನಲ್ಲಿ ವಿಷ್ಣುವಿನ ಮೂರ್ತಿಯಿದ್ದ ಚಿನ್ನದ ಪಗೋಡಗಳನ್ನು ಅಚ್ಚು ಹಾಕಿಸಿತು, ವ್ಯಾಪಾರ ನಡೆಯಬೇಕೆಂಬ ಒಂದೇ ಕಾರಣಕ್ಕೆ. ಬಾಂಬರ್ಗ್‌ನವರು ತಮ್ಮ ಪೀಠವನ್ನು 1007ರಲ್ಲಿ ಸ್ಥಾಪಿಸಿದ ಎರಡನೆಯ ಹೆನ್ರಿಯನ್ನೂ ಅವನ ರಾಣಿ ಕುನಿಗುಂಡೆಯನ್ನೂ ನಾಣ್ಯದ ಮೇಲೆ ತಂದರು, ವುರ್ಟ್ಸ್‌ಬುರ್ಗ್‌ನವರು ಸಂತ ಕಿಲಿಯಾನನನ್ನು ತಂದರು. ಜನ ನಂಬಿದ ಮುಖವನ್ನು ಹಣದ ಮೇಲೆ ಇಡುವುದು ಎಲ್ಲ ದೇಶದ ಪದ್ಧತಿ.

ಗೊಂದಲಕ್ಕೆ ಅವಕಾಶ ಕೊಡುವ ನಾಣ್ಯಗಳೂ ಇವೆಯೆಂಬುದನ್ನು ಒಪ್ಪುತ್ತೇನೆ. ಮುನ್ಸ್ಟರ್ ನಗರದವರು ತಮ್ಮ ಬಿಷಪ್ ಕ್ರಿಸ್ಟೋಫ್ ಬೆರ್ನ್‌ಹಾರ್ಡ್ ಫಾನ್ ಗಾಲೆನ್ ಅವರ ಅಧಿಕಾರವನ್ನು ಒಪ್ಪದೆ ಕೋಟೆಯ ಬಾಗಿಲು ಮುಚ್ಚಿಕೊಂಡಾಗ, ಆ ಬಿಷಪ್ಪರು ಸ್ವಂತ ಊರಿನ ಮೇಲೆಯೇ ಫಿರಂಗಿ ಹಾರಿಸಿ 1661ರಲ್ಲಿ ಶರಣಾಗಿಸಿದರು. ಆ ವರ್ಷದ ಥಾಲರಿನ ಮೇಲೆ ನಗರದ ಗೋಪುರಗಳೆಲ್ಲ ಸಾಲಾಗಿ ನಿಂತಿವೆ, ಮೇಲೆ ಮೋಡದಲ್ಲಿ ಸಂತ ಪೌಲನಿದ್ದಾನೆ, ಜೊತೆಗೆ ‘ವೆಸ್ಟ್‌ಫಾಲಿಯದ ಮುನ್ಸ್ಟರ್ ವಿಧೇಯತೆಗೆ ಮರಳಿತು’ ಎಂಬ ಲ್ಯಾಟಿನ್ ಬರಹ. ನೆನಪಿಗೆಂದೇ ಮಾಡಿದ ನಾಣ್ಯ ನಿಜ. ಆದರೂ ಥಾಲರಿನ ಮಟ್ಟಕ್ಕೇ ಹೊಡೆದದ್ದು. ಇನ್ನೊಂದು ಬಗೆ ಪೀಠ ಖಾಲಿಯಿದ್ದಾಗಿನದು. ಬಿಷಪ್ ಸತ್ತು ಹೊಸಬರು ಆಯ್ಕೆಯಾಗುವವರೆಗೆ ಕ್ಯಾಥೆಡ್ರಲಿನ ಪಾದ್ರಿಗಳ ಮಂಡಳಿ ಆಡಳಿತ ನಡೆಸುತ್ತಿತ್ತು, ಆ ಅಲ್ಪಾವಧಿಯಲ್ಲಿ ತನ್ನದೇ ನಾಣ್ಯವನ್ನೂ ಹೊರಡಿಸುತ್ತಿತ್ತು. ಐಖ್‌ಷ್ಟೆಟ್‌ನಲ್ಲಿ 1781 ಮತ್ತು 1790ರಲ್ಲಿ ಹೀಗೆ ಹೊರಟ ಥಾಲರ್‌ಗಳಲ್ಲಿ ಮಂಡಳಿಯ ಸದಸ್ಯರ ಮನೆತನದ ಲಾಂಛನಗಳನ್ನೆಲ್ಲ ಕೊರೆದಿದ್ದಾರೆ. ಸಿಂಹಾಸನ ಖಾಲಿಯಿದ್ದರೂ ಟಂಕಸಾಲೆಯ ಹಕ್ಕು ಖಾಲಿಯಾಗಲಿಲ್ಲ ಎಂದು ಊರಿಗೆಲ್ಲ ತಿಳಿಸುವ ರೀತಿ ಅದು. ಓಸ್ನಾಬ್ರುಕ್‌ನಲ್ಲಂತೂ 1764ರಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಆರು ತಿಂಗಳ ಮಗನನ್ನೇ ಬಿಷಪ್ಪನನ್ನಾಗಿ ಆರಿಸಿದರು. ಆ ಪದವಿಯಲ್ಲಿ ಧರ್ಮದ ಪಾಲೆಷ್ಟು, ರಾಜಕೀಯದ ಪಾಲೆಷ್ಟು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು.

ನನ್ನ ಮನಸ್ಸನ್ನು ಹೆಚ್ಚು ಕಾಲ ಕಾಡಿದವು ಮಾತ್ರ ಬೇರೆ ನಾಣ್ಯಗಳು. ಎಲ್ಲ ಬಿಷಪ್ಪರಿಗೂ ಸಾಲ್ಟ್ಸ್‌ಬರ್ಗ್‌ನವರಂತೆ ಸ್ವಂತ ಗಣಿಗಳಿರಲಿಲ್ಲ. ಕಷ್ಟ ಬಂದಾಗ ಬೆಳ್ಳಿ ಸಿಗುತ್ತಿದ್ದದ್ದು ಪೂಜೆಯ ಪಾತ್ರೆಗಳಲ್ಲಿ ಮತ್ತು ಊಟದ ತಟ್ಟೆಗಳಲ್ಲಿ. 1622ರಲ್ಲಿ, ಮೂವತ್ತು ವರ್ಷದ ಯುದ್ಧ ನಡೆಯುತ್ತಿದ್ದಾಗ, ಬ್ರುನ್ಸ್‌ವಿಕ್‌ನ ಕ್ರಿಸ್ಟಿಯನ್ ಎಂಬ ಸೇನಾಪತಿ ಪಾಡರ್‌ಬಾರ್ನ್ ಕ್ಯಾಥೆಡ್ರಲನ್ನು ಲೂಟಿ ಮಾಡಿ, ಸಂತ ಲಿಬೋರಿಯಸ್‌ನ ಅವಶೇಷವಿಟ್ಟಿದ್ದ ಬೆಳ್ಳಿಯ ಪೆಟ್ಟಿಗೆಯನ್ನು ಕರಗಿಸಿ ಥಾಲರ್ ಹೊಡೆಸಿ, ಅದರ ಮೇಲೆ ‘ದೇವರ ಮಿತ್ರ, ಪಾದ್ರಿಗಳ ಶತ್ರು’ ಎಂದು ಬರೆಸಿದ. ಅದು ಬಲವಂತದ್ದು. ಆದರೆ 1790ರ ದಶಕದಲ್ಲಿ ಫ್ರಾನ್ಸಿನ ಕ್ರಾಂತಿ ಸೇನೆ ರೈನ್ ನದಿಯ ಕಡೆಗೆ ನುಗ್ಗಿದಾಗ ಬಿಷಪ್ಪರೇ ತಮ್ಮ ಬೆಳ್ಳಿಯನ್ನು ಕುಲುಮೆಗೆ ಕಳುಹಿಸಿದರು. 1794ರ ಟ್ರಿಯರ್ ಥಾಲರಿನ ಬರಹದ ಸಾರ ಇಷ್ಟು: ಪಾದ್ರಿಗಳೂ ಜನರೂ ಬಡ್ಡಿಯಿಲ್ಲದೆ ನಾಡಿನ ಉಪಯೋಗಕ್ಕೆ ಕೊಟ್ಟ ಬೆಳ್ಳಿ ಪಾತ್ರೆಗಳಿಂದ ಇದನ್ನು ಮಾಡಲಾಗಿದೆ. 1796ರಲ್ಲಿ ಐಖ್‌ಷ್ಟೆಟ್ ಫ್ರೆಂಚರಿಗೆ ದಂಡ ತೆರಬೇಕಾಗಿ ಬಂದಾಗ ಹೊರಟ ಥಾಲರಿನ ಮೇಲೆ, ಅರಮನೆಯ ಬೆಳ್ಳಿ ಪಾತ್ರೆಗಳು ಸಂಕಷ್ಟದಲ್ಲಿದ್ದ ನಾಡಿಗೆ ನೆರವಾದವು ಎಂದಿದೆ.

ಈ ಎರಡು ಬರಹಗಳನ್ನು ಮೊದಲ ಸಲ ಓದಿದ ದಿನ ನನಗೆ 1972ರ ಬರ ನೆನಪಾಯಿತು. ಆ ವರ್ಷ ಜೋಳ ಕೈಗೆ ಹತ್ತಲಿಲ್ಲ. ಅಜ್ಜಿ ತಮ್ಮ ಕಾಲ್ಗಡಗಗಳನ್ನೂ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಟ್ಟಿದ್ದ ಹದಿನೇಳು ಹಾಲಿ ರೂಪಾಯಿಗಳನ್ನೂ ಬಜಾರಿಗೆ ಕೊಟ್ಟು ಬಂದರು. ತಕ್ಕಡಿಯ ಒಂದು ತಟ್ಟೆಗೆ ಬಿದ್ದ ಆ ನಾಣ್ಯಗಳ ಮೇಲಿನ ಚಾರ್ಮಿನಾರ್ ಚಿತ್ರವನ್ನು ನಾನು ಆಗ ನೋಡಿದ್ದೇ ಕೊನೆ. ಅವು ಕರಗಿ ಯಾರದೋ ಮನೆಯ ಕುಂಕುಮದ ಬಟ್ಟಲಾದವೋ, ಬೀದರಿನ ಕುಶಲಿಗರ ಕೈಗೆ ಹೋಗಿ ಹೂದಾನಿಯ ಮೇಲಿನ ತಂತಿಯಾದವೋ ಹೇಳಲಾಗದು. ಬೆಳ್ಳಿ ಪಾತ್ರೆಯಿಂದ ನಾಣ್ಯಕ್ಕೆ, ನಾಣ್ಯದಿಂದ ಪಾತ್ರೆಗೆ ಹೀಗೆ ಹೋಗಿ ಬಂದು ಮಾಡುತ್ತದೆ. ಐಖ್‌ಷ್ಟೆಟ್‌ನವರು ಮಾತ್ರ ಆ ಪ್ರಯಾಣವನ್ನು ನಾಣ್ಯದ ಮೇಲೆಯೇ ಬರೆದಿಟ್ಟರು.

ಬಿಷಪ್ಪರ ಆಳ್ವಿಕೆ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. 1803ರ ಫೆಬ್ರವರಿ 25ರ ಸಾಮ್ರಾಜ್ಯದ ನಿರ್ಣಯದಂತೆ ಬಹುತೇಕ ಎಲ್ಲ ಬಿಷಪ್ ಸಂಸ್ಥಾನಗಳು ಅಕ್ಕಪಕ್ಕದ ಅರಸರ ಪಾಲಾದವು, ಅವರ ಟಂಕಸಾಲೆಯ ಹಕ್ಕೂ ಹೋಯಿತು. ಆದರೆ ಅವರು ಅನುಸರಿಸಿದ ತೂಕ ಅಷ್ಟಕ್ಕೇ ಸಾಯಲಿಲ್ಲ. ಅದೇ 28.06 ಗ್ರಾಮಿನ, ಅದೇ ಆರಕ್ಕೈದು ಬೆಳ್ಳಿಯ ಮರಿಯಾ ಥೆರೇಸಾ ಥಾಲರ್, 1780ರ ಇಸವಿಯನ್ನೇ ಹೊತ್ತು ಅರೇಬಿಯ ಮತ್ತು ಇಥಿಯೋಪಿಯಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ನಮ್ಮ ಬೊಂಬಾಯಿಯ ಟಂಕಸಾಲೆಯಲ್ಲೂ ಅಚ್ಚು ಹಾಕಿದರು. ಬೊಂಬಾಯಿಯಲ್ಲಿ ಹೊಡೆದ ಆ ಥಾಲರನ್ನು ಯಾರೂ ಪದಕವೆನ್ನುವುದಿಲ್ಲ. ವುರ್ಟ್ಸ್‌ಬುರ್ಗ್‌ನಲ್ಲಿ ಹೊಡೆದ ಅದರ ಅಣ್ಣನಿಗೂ ಅದೇ ನ್ಯಾಯ ಸಲ್ಲಬೇಕು.

ಪ್ರದರ್ಶನ ಏರ್ಪಡಿಸಿದವರ ಶ್ರಮವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತು, ಚೀಟಿಯಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದನ್ನು ನಾನು ಅಲ್ಲಿ ನಿಂತು ನೋಡಿದೆ. ಬರೆದುಕೊಂಡದ್ದು ಮನೆಗೆ ಹೋಗುತ್ತದೆ, ಪರೀಕ್ಷೆಗೂ ಹೋಗುತ್ತದೆ. ಆದ್ದರಿಂದ ಎರಡು ವಿನಂತಿಗಳಿವೆ. ಭಾನುವಾರದ ಚಿತ್ರಶೀರ್ಷಿಕೆಗೆ ತಮ್ಮ ಪತ್ರಿಕೆ ಒಂದು ತಿದ್ದುಪಡಿ ಪ್ರಕಟಿಸಬೇಕು. ಕಾಲೇಜಿನವರು ವಿದೇಶಿ ನಾಣ್ಯಗಳ ಚೀಟಿಗಳಲ್ಲಿ ಹೊರಡಿಸಿದವರ ಹೆಸರು, ಇಸವಿ, ತೂಕ ಮತ್ತು ಬರಹದ ಕನ್ನಡ ಅರ್ಥ ಇಷ್ಟನ್ನಾದರೂ ಕೊಡಬೇಕು. ಲ್ಯಾಟಿನ್ ಮೊಟಕುಗಳನ್ನು ಬಿಡಿಸುವುದಕ್ಕೆ ನನ್ನ ಸಹಾಯ ಬೇಕಾದರೆ ಯಾವ ದಿನ ಕರೆದರೂ ಬರುತ್ತೇನೆ. ಸರಾಫರು ತಮ್ಮ ಚಿಕ್ಕ ತಕ್ಕಡಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೊಡಲು ಒಪ್ಪಿದ್ದಾರೆ. ಸದ್ಯಕ್ಕೆ ಆ ಒಂದು ನಾಣ್ಯದ ಚೀಟಿಯನ್ನಾದರೂ ಹೀಗೆ ಬದಲಿಸಬಹುದು:

‘ವುರ್ಟ್ಸ್‌ಬುರ್ಗ್ ಮತ್ತು ಬಾಂಬರ್ಗ್‌ಗಳ ದೊರೆ-ಬಿಷಪ್ ಆಡಂ ಫ್ರೀಡ್ರಿಕ್ ಅವರ ಬೆಳ್ಳಿಯ ಥಾಲರ್. 1760ರ ದಶಕ. ಇಂಥ ಹತ್ತಕ್ಕೆ ಒಂದು ಕಲೋನ್ ಮಾರ್ಕ್ ಅಪ್ಪಟ ಬೆಳ್ಳಿ. ಲಾಂಛನದ ಹಿಂದೆ ಕೋಲು ಮತ್ತು ಕತ್ತಿಯನ್ನು ಗಮನಿಸಿ.’

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ
ಬ್ರಹ್ಮಪುರ, ಕಲಬುರಗಿ